ಹಿಂದಿನ ಎಡ ಶಾಕಪ್ಪಿನ ಮೇಲಿನ ಗುರುತು

ಶರಣಪ್ಪ ಕಳ್ಳನಲ್ಲ. ಅವನಿಗೆ ಕಳ್ಳನೆಂಬ ಹೆಸರು ಹಚ್ಚಿದವನು ನಾನು. ಅವನು ಕಳ್ಳನಲ್ಲವೆಂದು ಕಣ್ಣಾರೆ ಕಂಡ ಮೇಲೂ ಬಾಯಿಗೆ ಬೀಗ ಹಾಕಿಕೊಂಡು ಕುಳಿತವನು ಕೂಡ ನಾನೇ. ಮೊದಲನೆಯದನ್ನು ತಪ್ಪು ತಿಳಿವಳಿಕೆ ಎಂದು ಯಾರಾದರೂ ದೊಡ್ಡ ಮನಸ್ಸಿನವರು ಮನ್ನಿಸಿಯಾರು. ಎರಡನೆಯದಕ್ಕೆ — ಅದಕ್ಕೆ ಏನೆಂದು ಹೆಸರಿಡಲಿ? ಐದು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ನಾನು ಒಂದು ಮಾತು ಹೇಳಿದ್ದರೆ ಅವನ ಕೆಲಸ ಅವನಿಗೆ ಮರಳಿ ಸಿಗುತ್ತಿತ್ತು. ಅವನು ಬಾಯಿಬಿಟ್ಟು ಕೇಳಿದ. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ನಮ್ಮದು ತಕ್ಕಡಿಯ ವ್ಯಾಪಾರ. ಅಜ್ಜ ಬಾಗಲಕೋಟೆಯ ಕಡೆಯಿಂದ ಬಂದು ಪುಣೆ ಕ್ಯಾಂಪಿನಲ್ಲಿ ಅಂಗಡಿ ಹಾಕಿದ. ಕಬ್ಬಿಣದ ತಕ್ಕಡಿ, ಹಿತ್ತಾಳೆಯ ತಕ್ಕಡಿ, ತೂಕದ ಕಲ್ಲು. ಅಪ್ಪನ ಕಾಲಕ್ಕೆ ದುರಸ್ತಿ, ನನ್ನ ಕಾಲಕ್ಕೆ ಎಲೆಕ್ಟ್ರಾನಿಕ್ ಕಾಟಾ. ಮೂರು ತಲೆಮಾರಿನಿಂದ ಜನ ಹೇಗೆಲ್ಲ ತೂಕದಲ್ಲಿ ಹೊಡೆಯುತ್ತಾರೆ ಎಂಬುದನ್ನು ನೋಡುತ್ತ ಬೆಳೆದ ಮನೆತನ. ತಟ್ಟೆಯ ಕೆಳಗೆ ಮೇಣ ಅಂಟಿಸುವವರು, ಕಲ್ಲಿನ ಹೊಟ್ಟೆ ಕೊರೆಯುವವರು — ನಮಗೆ ಎಲ್ಲರೂ ಗೊತ್ತು. ಹೀಗಾಗಿ ನನಗೆ ಸಂಶಯ ಅನ್ನುವುದು ಕಸುಬಿನ ಒಂದು ಸಾಮಾನು ಆಗಿತ್ತು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ, ಡಾಕ್ಟರು ನಗಲಿಲ್ಲವೆಂದರೆ ದೊಡ್ಡ ಬಿಲ್ಲು ಬರುತ್ತದೆ. ನನ್ನ ಹೆಂಡತಿ ಸುಮಿತ್ರಾ ಹೇಳುತ್ತಿದ್ದಳು, ದೇವರು ಎದುರು ಬಂದು ನಿಂತರೂ ನೀವು ಅವನ ಗುರುತಿನ ಚೀಟಿ ಕೇಳುತ್ತೀರಿ ಅಂತ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನಾವು ದುರಸ್ತಿ ಮಾಡಿದ ತಕ್ಕಡಿಯ ಮೇಲೆ, ಸುಲಭಕ್ಕೆ ಕಣ್ಣಿಗೆ ಬೀಳದ ಕಡೆ, ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತೇವೆ. ಚಿಕ್ಕ ತ್ರಿಕೋನ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ನಾಳೆ ಯಾರಾದರೂ ಬೇರೆಯವರು ಕೆಡಿಸಿದ ತಕ್ಕಡಿಯನ್ನು ತಂದು 'ನೀವೇ ಮಾಡಿದ್ದು' ಎಂದು ಜಗಳ ತೆಗೆದರೆ, ನಮ್ಮ ಗುರುತು ಇಲ್ಲವೆಂದು ತೋರಿಸಿ ಬಾಯಿ ಮುಚ್ಚಿಸಬಹುದು. ಆ ಅಚ್ಚು ಅಜ್ಜನದು. ಈ ಕಥೆಯಲ್ಲಿ ತಪ್ಪೆಲ್ಲ ನನ್ನದು, ಆದರೆ ಆಯುಧ ಆ ಅಚ್ಚು.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಪುಣೆಯ ಹೊರಗಿನ ರಾಂಜಣಗಾಂವದ ಕಾರ್ಖಾನೆಗಳ ಕಾಟಾಗಳನ್ನು ತಪಾಸಣೆ ಮಾಡುವ ಗುತ್ತಿಗೆ ನನಗೆ ಸಿಕ್ಕಿತು. ಅಲ್ಲೊಂದು ಕಾರ್ಖಾನೆಯಲ್ಲಿ ಹೊರದೇಶದ ಎಂಜಿನಿಯರ್ ಒಬ್ಬ ಇದ್ದ. ಊರಿಗೆ ಮರಳುವಾಗ ತನ್ನ ಕಾರನ್ನು ಮಾರಿ ಹೋಗುವವನಿದ್ದ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂತಿದ್ದ ಕೆಂಪು ಸ್ಪೋರ್ಟ್ಸ್ ಕಾರು. ನಲವತ್ತೈದು ದಾಟಿದ, ಹೊಟ್ಟೆ ಬಂದ, ತಕ್ಕಡಿ ಮಾರುವ ಮನುಷ್ಯನಿಗೆ ಅದು ಯಾಕೆ ಬೇಕಾಗಿತ್ತು ಎಂದು ಕೇಳಬೇಡಿ. ಜೀವಮಾನದಲ್ಲಿ ಒಮ್ಮೆ, ತೂಗಿ ನೋಡದೆ, ಒಂದು ವಸ್ತುವನ್ನು ಬೇಕೆಂದು ಕೊಂಡೆ. ನಂಟರು ನಕ್ಕರು. ನಾನು ಅದರಲ್ಲೇ ದಿನಾ ಕ್ಯಾಂಪಿನಿಂದ ರಾಂಜಣಗಾಂವಕ್ಕೆ ಓಡಾಡಿದೆ — ಡಿಕ್ಕಿಯಲ್ಲಿ ತಪಾಸಣೆಯ ಕಬ್ಬಿಣದ ಕಲ್ಲುಗಳನ್ನು ಗೋಣಿಚೀಲದಲ್ಲಿ ಸುತ್ತಿಟ್ಟುಕೊಂಡು.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಡಿಯ ಸೊಂಟ ಬಿತ್ತು. ಸಣ್ಣ ಉಬ್ಬು ಹತ್ತಿದರೂ ದೋಣಿಯ ಹಾಗೆ ತೂಗುತ್ತಿತ್ತು, ಹಿಂದಿನಿಂದ ಕುಟುಕುಟು ಸದ್ದು. ಮೂಲ ಕಂಪನಿಯ ಸಾಮಾನು ಇಲ್ಲಿ ಸಿಗುತ್ತಿರಲಿಲ್ಲ. ಬೇರೆ ಕಂಪನಿಯವರು ಮಾಡಿದ ಸಸ್ಪೆನ್ಷನ್ ಹಾಕಿಸಬೇಕು — ಯಾವುದು ಎಂದು ಆರಿಸುವವರು ಯಾರು? ಸ್ವಾರಗೇಟದ ಹತ್ತಿರ ಕದಮ್ ಎಂಬವರ ಗ್ಯಾರೇಜು ಇತ್ತು. ಅಲ್ಲಿ ನಮ್ಮ ಕಡೆಯವನೇ ಒಬ್ಬ ಫಿಟ್ಟರ್ ಇದ್ದಾನೆ, ಸಸ್ಪೆನ್ಷನ್ ಕೆಲಸದಲ್ಲಿ ಅವನನ್ನು ಸರಿಗಟ್ಟುವವರಿಲ್ಲ ಎಂದು ಕೇಳಿ ಹೋದೆ.

ಅವನೇ ಶರಣಪ್ಪ. ಯಾದಗಿರಿಯ ಕಡೆಯವನು, ನನಗಿಂತ ಒಂದೆರಡು ವರ್ಷ ಚಿಕ್ಕವನಿರಬಹುದು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಗಾರೆ ಹೊತ್ತು, ಆಮೇಲೆ ಹೇಗೋ ಗ್ಯಾರೇಜು ಸೇರಿ, ಇಪ್ಪತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿ ವಿದ್ಯೆ ಕಲಿತವನು. ಮಾತು ಕಡಿಮೆ. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಅವನ ಮುಖ ಅರಳಿತು. ಆ ಅರಳಿದ್ದೇ ನನಗೆ ಸಂಶಯ ತಂದಿತು — ನಮ್ಮವ ನಮ್ಮವ ಎನ್ನುತ್ತಲೇ ಟೋಪಿ ಹಾಕುವವರನ್ನು ನಾನು ಬಹಳ ಕಂಡಿದ್ದೆ.

ಅವನು ಬಾನೆಟ್ಟು ತೆಗೆಯಲಿಲ್ಲ, ಜಾಕ್ ಹಾಕಲಿಲ್ಲ. ಗ್ಯಾರೇಜಿನ ಎದುರಿನ ರಸ್ತೆಯಲ್ಲಿದ್ದ ಸ್ಪೀಡ್ ಬ್ರೇಕರಿನ ಮೇಲೆ ಗಾಡಿಯನ್ನು ಓಡಿಸಲು ನನಗೆ ಹೇಳಿ, ತಾನು ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತ. ಮೂರು ಸಲ ಓಡಿಸಿದೆ. ದಾರಿಹೋಕರು ನಿಂತು ನೋಡಿದರು. ಉಬ್ಬು ಇಳಿದ ಮೇಲೆ ಗಾಡಿ ಒಂದು ಸಲ ಕುಳಿತು ಎದ್ದು ಸುಮ್ಮನಾದರೆ ಶಾಕ್ ಅಬ್ಸಾರ್ಬರು, ಅವನ ಬಾಯಲ್ಲಿ ಶಾಕಪ್ಪು, ಜೀವಂತ ಇದೆ. ಮೂರು ಸಲ ಕುಣಿದರೆ ಸತ್ತಿದೆ — ಹೀಗೆ ಅವನ ಲೆಕ್ಕ. ನನ್ನದು ನಾಲ್ಕು ಸಲ ಕುಣಿದಿತ್ತು. ಆಮೇಲೆ ಹಿಂದಿನ ಚಕ್ರದ ಮೇಲಿನ ಸಂದಿಗೆ ನಾಲ್ಕು ಬೆರಳು ಇಟ್ಟು ನೋಡಿದ. ಡಿಕ್ಕಿಯಲ್ಲಿ ಏನು ಇಡುತ್ತೀರಿ ಎಂದು ಕೇಳಿದ. ಇವನಿಗೆ ಯಾಕೆ ಬೇಕು ನನ್ನ ಡಿಕ್ಕಿಯ ಸುದ್ದಿ? ಏನೂ ಇಲ್ಲ ಎಂದೆ. ಅವನು ಸುಮ್ಮನೆ ಡಿಕ್ಕಿಯ ಕಡೆ ನೋಡಿದ, ನನ್ನ ಅಂಗೈಗೆ ಹತ್ತಿದ್ದ ತುಕ್ಕಿನ ಕಡೆ ನೋಡಿದ.

"ತೂಕದ ಕಲ್ಲು ಇಡ್ತೀರಿ ಸಾವಕಾರ್ರ," ಎಂದ. "ಇಡ್ರಿ, ತಪ್ಪಿಲ್ಲ. ಹಿಂದ ಸ್ವಲ್ಪ ಗಟ್ಟಿ ಸ್ಪ್ರಿಂಗ್ ತಗೋಬೇಕಾಗ್ತದ, ಅದಕ್ಕ ಕೇಳ್ದೆ."

ಸಿಕ್ಕಿಬಿದ್ದವನ ಸಿಟ್ಟು ಬಂತು ನನಗೆ. ಅವನು ಅದನ್ನು ಗಮನಿಸಲೇ ಇಲ್ಲವೋ, ಗಮನಿಸಿ ಬಿಟ್ಟನೋ — ಸಲಹೆ ಹೇಳುತ್ತಾ ಹೋದ. ಕ್ಯಾಂಪಿನ ಬಿಡಿಭಾಗದ ಅಂಗಡಿಯವನು ನನಗೆ ಆಗಲೇ ಒಂದು ಸೆಟ್ಟು ತೋರಿಸಿ ಆಸೆ ಹಚ್ಚಿದ್ದ: ಮೈಯೆಲ್ಲ ಸ್ಕ್ರೂವಿನಂಥ ಮರೆಯಿದ್ದ ಶಾಕಪ್ಪು, ತಿರುವಿ ಗಾಡಿಯನ್ನು ಬೇಕಾದಷ್ಟು ತಗ್ಗಿಸಬಹುದು, ರೇಸಿನ ಗಾಡಿಗೆ ಹಾಕುವಂಥದು. ಶರಣಪ್ಪ ಅದು ಬೇಡ ಎಂದ. ತಗ್ಗಿಸಿದರೆ ರಾಂಜಣಗಾಂವಕ್ಕೆ ಹೋಗುವ ನಗರ ರೋಡಿನ ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜುತ್ತದೆ. ಅಷ್ಟು ಗಟ್ಟಿಯಿದ್ದರೆ ಒಂದು ತಿಂಗಳಿಗೆ ನಿಮ್ಮ ಬೆನ್ನು ಹೋಗುತ್ತದೆ. ಎತ್ತರ ಇದ್ದಷ್ಟೇ ಇರಲಿ, ಒಂದಕ್ಕೊಂದು ಹೊಂದುವ ಸ್ಪ್ರಿಂಗು, ಗ್ಯಾಸಿನ ಶಾಕಪ್ಪು ತೆಗೆದುಕೊಳ್ಳಿ ಎಂದ. "ದಿನಾ ಓಡಸೂ ಗಾಡಿ ಅದ. ಒಂದ್ ದಿನದ ಮೆರವಣಿಗಿ ಅಲ್ಲ."

ಮಾತು ಸರಿಯಾಗಿತ್ತು. ಅಷ್ಟು ಸರಿಯಾಗಿದ್ದುದೇ ನನಗೆ ಹಿಡಿಸಲಿಲ್ಲ. ಇವನಿಗೆ ಯಾವ ಅಂಗಡಿಯಿಂದಲೋ ಏನೋ ಸಿಗುತ್ತದೆ — ಇಲ್ಲದಿದ್ದರೆ ನನ್ನ ಬೆನ್ನಿನ ಚಿಂತೆ ಇವನಿಗೇಕೆ? ಹಾಗೆಂದುಕೊಂಡು, ಅವನು ಹೇಳಿದ ಸೆಟ್ಟನ್ನೇ, ಅವನಿಗೆ ಹೇಳದೆ, ಬೇರೊಂದು ಅಂಗಡಿಯಿಂದ ನಾನೇ ಕೊಂಡೆ. ಎಂಥ ಜಾಣ ನಾನು! ಅವನ ಬುದ್ಧಿ ಬೇಕು, ಅವನ ಮೇಲೆ ನಂಬಿಕೆ ಬೇಡ.

ಸೆಟ್ಟಿನಲ್ಲಿ ನಾಲ್ಕು ಶಾಕಪ್ಪು. ಮೂರರ ಪ್ಲಾಸ್ಟಿಕ್ ಚೀಲ ಒಡೆದಿರಲಿಲ್ಲ. ಅವನ್ನು ನನ್ನ ಎದುರಿಗೇ ಒಡೆಸಿದರಾಯಿತು. ನಾಲ್ಕನೆಯದನ್ನು ಅಂಗಡಿಯವನು ತೋರಿಸಲೆಂದು ಮೊದಲೇ ಒಡೆದಿದ್ದ. ಅದು ಹಿಂದಿನ ಎಡಗಡೆಯದು. ಬದಲಾಯಿಸುವುದಾದರೆ ಇದನ್ನೇ ಬದಲಾಯಿಸುತ್ತಾರೆ ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಹೊಸದನ್ನು ಎತ್ತಿಟ್ಟುಕೊಂಡು, ಹಳೆಯದಕ್ಕೆ ಬಣ್ಣ ಬಳಿದು ಹಾಕಿ ಕಳಿಸುವ ಗ್ಯಾರೇಜುಗಳ ಕಥೆ ಊರಿಗೆಲ್ಲ ಗೊತ್ತು. ನಮ್ಮ ಜನ ಬ್ಯಾಟರಿ, ಟೈರು ದುರಸ್ತಿಗೆ ಬಿಡುವಾಗ ಮೂಲೆಯಲ್ಲಿ ಉಗುರುಬಣ್ಣ ಹಚ್ಚಿ ಬರುವುದಿಲ್ಲವೆ? ಆದರೆ ಉಗುರುಬಣ್ಣವನ್ನು ಪೆಟ್ರೋಲಿನಲ್ಲಿ ಒರೆಸಬಹುದು. ನಾನು ತಕ್ಕಡಿಯವನು. ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಶಾಕಪ್ಪನ್ನು ಗೋಣಿಚೀಲದ ಮೇಲೆ ಮಲಗಿಸಿ, ಅದರ ಕೊಳವೆಯ ಮೈಮೇಲೆ ಅಜ್ಜನ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆದೆ. ಮೊದಲ ಪೆಟ್ಟಿಗೆ ಗುರುತು ಸರಿ ಮೂಡಲಿಲ್ಲ. ಇನ್ನೊಂದು ಹೊಡೆದೆ — ಜೋರಾಗಿ.

ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಸುತ್ತಿಗೆಯ ಚಿತ್ರ ಇತ್ತು, ಅದರ ಮೇಲೆ ಕೆಂಪು ಅಡ್ಡಗೆರೆ. ನಾನು ನೋಡಿದ್ದೆ. ನೋಡಿಯೂ, ಅದು ಫಿಟ್ಟರುಗಳಿಗೆ ಹೇಳಿದ್ದು ಎಂದುಕೊಂಡಿದ್ದೆ.

ದಸರೆಗೆ ಒಂದು ವಾರ ಇರುವಾಗ ಕೆಲಸ ಶುರುವಾಯಿತು. ನಾನು ಗ್ಯಾರೇಜಿನಲ್ಲೇ ಸ್ಟೂಲು ಹಾಕಿಕೊಂಡು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕುಳಿತೆ. ಶರಣಪ್ಪ ಪ್ರತಿ ಶಾಕಪ್ಪನ್ನೂ ಹಾಕುವ ಮೊದಲು ಅಂಗೈಯಿಂದ ಮೇಲಿನಿಂದ ಕೆಳಗೆ ಸವರುತ್ತಿದ್ದ. ನಾಲ್ಕನೆಯದನ್ನು ಸವರುವಾಗ ಅವನ ಕೈ ನಿಂತಿತು. ಬೆಳಕಿಗೆ ಹಿಡಿದು ನೋಡಿದ. ನನ್ನ ಹತ್ತಿರ ತಂದು ತೋರಿಸಿದ.

"ಇಲ್ಲಿ ನೆಗ್ಗ್ಯದ ನೋಡ್ರಿ. ಇದನ್ನ ಹಾಕೂದು ಬ್ಯಾಡ. ಅಂಗಡಿಯವರಿಗೆ ಕೊಟ್ಟು ಬ್ಯಾರೇದು ತರ್ರಿ."

ಗುರುತು ಕಂಡುಹಿಡಿದುಬಿಟ್ಟ! ನನ್ನ ತಲೆ ಎಷ್ಟು ಬೇಗ ಓಡಿತು ನೋಡಿ — ಗುರುತು ಹಾಕಿದ್ದು ಇವನಿಗೆ ಅಡ್ಡಿ, ಅದಕ್ಕೇ ಬೇಡ ಅನ್ನುತ್ತಿದ್ದಾನೆ. ನಾನು ಬೇರೆಯದನ್ನು ಗುರುತಿಲ್ಲದೆ ತಂದರೆ ಇವನ ದಾರಿ ಸಲೀಸು. ಅದು ನಾನೇ ಹೊಡೆದದ್ದು ಎಂದು ಹೇಳುವುದಕ್ಕೂ ನಾಚಿಕೆ. "ಕಂಪನಿಯಿಂದಲೇ ಹಾಗೆ ಬಂದಿದೆ, ಅದನ್ನೇ ಹಾಕು," ಎಂದೆ. ಅವನು ಇನ್ನೊಂದು ಸಲ ಹೇಳಿದ: ಇದರಲ್ಲಿ ಒಂದೇ ಕೊಳವೆ, ಪಿಸ್ಟನ್ನು ಅದರ ಗೋಡೆಗೇ ತಾಗಿ ಓಡುತ್ತದೆ, ಹೊರಗೆ ಕಾಳಿನಷ್ಟು ನೆಗ್ಗಿದರೂ ಒಳಗೆ ಅದಕ್ಕೆ ಗುಡ್ಡ ಇದ್ದ ಹಾಗೆ. ನಾನು ದನಿ ಏರಿಸಿದೆ. ಅವನು ತಲೆ ಬಾಗಿಸಿ ಹಾಕಿದ. ಚಕ್ರದ ಜೋಡಣೆ ಸರಿಮಾಡುವುದು ಉಳಿದಿದ್ದರಿಂದ ಆ ರಾತ್ರಿ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಕಾಯಿತು.

ಹೊಸದರಲ್ಲಿ ಗಾಡಿ — ಸುಳ್ಳು ಹೇಳಬಾರದು — ಬಹಳ ಚೆನ್ನಾಗಿ ಓಡಿತು. ಉಬ್ಬಿನ ಮೇಲೆ ಒಮ್ಮೆ ಕುಳಿತು, ಎದ್ದು, ಸುಮ್ಮನಾಗುತ್ತಿತ್ತು. ಕಲ್ಲುಗಳ ಭಾರ ಇದ್ದರೂ ಹಿಂಬದಿ ತಗ್ಗಲಿಲ್ಲ. ಇಷ್ಟು ದಿನಕ್ಕೆ ಆ ಗಾಡಿ ನನ್ನದಾಯಿತು ಅನ್ನಿಸಿತು. ದೀಪಾವಳಿಯ ಹೊತ್ತಿಗೆ ಹಿಂದಿನ ಎಡಗಡೆಯಿಂದ ಸದ್ದು ಶುರುವಾಯಿತು. ಟಕ್. ಟಕ್. ಆಮೇಲೆ ಮನೆಯ ಮುಂದೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಹನಿ.

ಅದೇ, ಅದೇ ಶಾಕಪ್ಪು. ನನಗೆ ದುಃಖವಾಗಲಿಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ — ನನಗೆ ಒಳಗೊಳಗೇ ಖುಷಿಯಾಯಿತು. ನಾನು ಅಂದುಕೊಂಡದ್ದು ಸರಿಯಾಯಿತಲ್ಲ! ಟಾರ್ಚು ಹಿಡಿದು ನೆಲಕ್ಕೆ ಮಲಗಿ ಚಕ್ರದ ಸಂದಿಯಿಂದ ನೋಡಿದೆ. ಕೊಳವೆ ಕಂಡಿತು, ಎಣ್ಣೆ ಕಂಡಿತು, ತ್ರಿಕೋನ ಕಾಣಲಿಲ್ಲ.

ಸೀದಾ ಕದಮರ ಗ್ಯಾರೇಜಿಗೆ ಹೋದೆ. ಚಹಾದ ಹೊತ್ತು, ಏಳೆಂಟು ಜನ ಕೆಲಸಗಾರರು ಒಟ್ಟಿಗೆ ನಿಂತಿದ್ದರು. ಬೇರೆ ಗಿರಾಕಿಗಳೂ ಇದ್ದರು. ಎಲ್ಲರಿಗೂ ತಿಳಿಯಲಿ ಎಂದು ಮರಾಠಿಯಲ್ಲೇ ಕೂಗಿದೆ — ನನ್ನ ಹೊಸ ಶಾಕಪ್ಪು ಕದ್ದು ಹಳೆಯದನ್ನು ಹಾಕಿದ್ದಾನೆ ನಿಮ್ಮ ಫಿಟ್ಟರು, ನಾನು ಹೊಡೆದ ಗುರುತು ಇಲ್ಲ. ಶರಣಪ್ಪನ ಕೈಯಲ್ಲಿ ಚಹಾದ ಲೋಟ ಇತ್ತು. ಅವನು ಅದನ್ನು ನಿಧಾನಕ್ಕೆ ಕೆಳಗಿಟ್ಟ.

"ಆ ನೆಗ್ಗು ನೀವ ಹೊಡದಿದ್ದೇನ್ರಿ ಸಾವಕಾರ್ರ?" ಎಂದು ಕನ್ನಡದಲ್ಲಿ ಕೇಳಿದ. ನಾನು ಕದಮರ ಕಡೆ ತಿರುಗಿದೆ. "ರಸ್ತೆ ಕಲ್ಲು ಬಡೀಬಾರ್ದು ಅಂತ ನಾನ ಅದನ್ನ ಒಳಮುಖ ಮಾಡಿ ಕೂಡಿಸೀನಿ. ಗುರುತು ಒಳಗ ಅದ. ಈಗ ಬಿಚ್ಚತೀನಿ, ನಿಮ್ಮ ಎದುರಿಗೆ. ನೋಡ್ರಿ."

ಐದು ನಿಮಿಷದ ಕೆಲಸ. ಜಾಕು ಅಲ್ಲೇ ಇತ್ತು, ಬೋಲ್ಟು ಬಿಚ್ಚುವ ಪಾನಾ ಅವನ ಜೇಬಿನಲ್ಲೇ ಇತ್ತು. ಕದಮ್ ಸಹ, ಬಿಚ್ಚಿ ನೋಡೋಣ ಶೇಟ್, ಎಂದರು. ನಾನು ಒಪ್ಪಲಿಲ್ಲ. ಬಿಚ್ಚುವ ನೆಪದಲ್ಲಿ ಮತ್ತೆ ಬದಲಾಯಿಸುತ್ತಾರೆ, ನನ್ನ ಕಣ್ಣಿಗೆ ಮಣ್ಣೆರಚಿ ನಿಜವಾದದ್ದನ್ನು ತಂದು ಕೂರಿಸುತ್ತಾರೆ — ಹೀಗೆ ಅನ್ನಿಸಿತು. ಅಥವಾ ಹೀಗೆ ಅನ್ನಿಸಿತು ಎಂದು ಈಗ ಹೇಳುತ್ತಿದ್ದೇನೆಯೋ ಏನೋ... ಗುರುತು ಒಳಗಿದ್ದರೆ ಎಂಬ ಹೆದರಿಕೆಯೂ ಇತ್ತು, ಇತ್ತು. ಈ ಗ್ಯಾರೇಜಿನ ಒಬ್ಬನೂ ನನ್ನ ಗಾಡಿ ಮುಟ್ಟಕೂಡದು, ಇಂಥವನನ್ನು ಇಟ್ಟುಕೊಂಡರೆ ಕ್ಯಾಂಪಿನ ಒಬ್ಬ ವ್ಯಾಪಾರಿಯೂ ಇಲ್ಲಿಗೆ ಬಾರದಂತೆ ನೋಡಿಕೊಳ್ಳುತ್ತೇನೆ ಎಂದು ಹೇಳಿ ಗಾಡಿ ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದಾಗ ಅವನು ಅಲ್ಲೇ ನಿಂತಿದ್ದ. ಟಕ್ ಟಕ್ ಸದ್ದು ಕೇಳುತ್ತ ಮನೆಗೆ ಬಂದೆ.

ಆ ವಾರದಲ್ಲೇ ಶರಣಪ್ಪನನ್ನು ಕೆಲಸದಿಂದ ತೆಗೆದರೆಂದು ತಿಳಿಯಿತು. ಗ್ಯಾರೇಜಿನ ಕಸುಬಿನಲ್ಲಿ ಸಾಮಾನು ಬದಲಾಯಿಸಿದವನು ಎಂಬ ಮಾತು ಒಮ್ಮೆ ಅಂಟಿದರೆ, ಒಂದು ಗ್ಯಾರೇಜಿನಿಂದ ಇನ್ನೊಂದಕ್ಕೆ ಅವನಿಗಿಂತ ಮೊದಲು ಆ ಮಾತು ಹೋಗಿ ಕುಳಿತಿರುತ್ತದೆ. ನಾನು ಊಟಕ್ಕೆ ಕುಳಿತು ಸುಮಿತ್ರಾಗೆ ಹೇಳಿದೆ, ನೋಡು, ಕದ್ದಿರದಿದ್ದರೆ ತೆಗೆಯುತ್ತಿದ್ದರೇ ಅಂತ. ಅವಳು ಸಾರು ಬಡಿಸಿದಳು.

ಮೂರು ವಾರ ಆ ಸದ್ದಿನಲ್ಲೇ ಓಡಿಸಿ, ಕೊನೆಗೆ ನಗರ ರೋಡಿನ ಒಂದು ಗ್ಯಾರೇಜಿನಲ್ಲಿ ಹಿಂದಿನ ಎಡ ಶಾಕಪ್ಪನ್ನು ಬಿಚ್ಚಿಸಿದೆ. ಅಲ್ಲಿಯ ಮೆಕ್ಯಾನಿಕ್ಕು ಹಿಂದಿಯವನು. ಬಿಚ್ಚಿ ಹೊರಗೆ ತೆಗೆದು, ಚಿಂದಿಯಿಂದ ಎಣ್ಣೆ ಒರೆಸಿ, ತಿರುಗಿಸಿದ. ಗಾಡಿಯ ಹೊಟ್ಟೆಯ ಕಡೆ, ಒಳಮುಖವಾಗಿ, ನನ್ನ ಅಜ್ಜನ ತ್ರಿಕೋನ.

ಅವನು ಪಿಸ್ಟನ್ನಿನ ಸಲಾಕೆ ಎಳೆದು ಒತ್ತಿ ತೋರಿಸಿದ. ಗುರುತು ಇದ್ದ ಮಟ್ಟಕ್ಕೆ ಬಂದಾಗ ಟಕ್ ಎಂದು ಅದು ತೊಡರುತ್ತಿತ್ತು. ನೆಗ್ಗಿಗೆ ಉಜ್ಜಿ ಉಜ್ಜಿ ಪಿಸ್ಟನ್ನಿನ ಅಂಚು ಹರಿದಿದೆ, ಅದರ ಚೂರು ಮೇಲಿನ ಸೀಲನ್ನೂ ತಿಂದಿದೆ, ಸಾಮಾನು ಅಸಲಿ, ಆದರೆ ಯಾರೋ ಕೈಯಾರೆ ಕೊಂದಿದ್ದಾರೆ ಎಂದ. "ಯೆ ಕಿಸ್ನೆ ಠೋಕಾ?" — ಇದನ್ನು ಬಡಿದವರು ಯಾರು ಎಂದು ಕೇಳಿದ.

ಗೊತ್ತಿಲ್ಲ ಎಂದೆ.

ಅವನು ಹೊಸದನ್ನು ಕೂರಿಸಿ, ಬಿಚ್ಚಿದ ಹಳೆಯದನ್ನು ಡಿಕ್ಕಿಯಲ್ಲಿ ಇಟ್ಟ; ಹಳೆಯ ಸಾಮಾನನ್ನು ಗಿರಾಕಿಗೆ ಮರಳಿಸುವುದು ಅವರ ಪದ್ಧತಿ, ನಂಬಿಕೆಗೆ. ನನಗೆ ಅದನ್ನು ಎಸೆಯಲಾಗಲಿಲ್ಲ, ಮನೆಯೊಳಗೆ ಒಯ್ಯಲೂ ಆಗಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಕಲ್ಲುಗಳ ನಡುವೆ ಇಟ್ಟೆ. ನಾಳೆಯೇ ಕದಮರ ಹತ್ತಿರ ಹೋಗಬೇಕು ಎಂದುಕೊಂಡೆ. ನಾಳೆ ಬೇರೆ ಕೆಲಸ ಬಂತು. ಏಳೆಂಟು ಜನರ ಎದುರು ಕೂಗಿದ್ದನ್ನು ಅವರ ಎದುರೇ ನುಂಗಬೇಕಲ್ಲ — ಅದು ಗಂಟಲಲ್ಲಿ ಇಳಿಯಲಿಲ್ಲ. ಗುರುತಿನ ಅಂಗಡಿ ಎಂದು ಹೆಸರಾದ ನಮ್ಮ ಅಂಗಡಿಯವನೇ ಗುರುತು ಹೊಡೆದು ತನ್ನ ಗಾಡಿ ಕೆಡಿಸಿಕೊಂಡ ಎಂದರೆ ಕ್ಯಾಂಪೆಲ್ಲ ನಗುತ್ತದೆ. ಒಬ್ಬನ ಅನ್ನ, ನನ್ನ ಮುಖ — ಎರಡನ್ನೂ ತೂಗಿದೆ. ಯಾವ ಕಡೆ ತಟ್ಟೆ ವಾಲಿತು ಎಂದು ಹೇಳಬೇಕಾಗಿಲ್ಲ.

ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಿಗ್ಗೆ, ರಾಂಜಣಗಾಂವದಲ್ಲಿ ಕಟ್ಟುತ್ತಿದ್ದ ಹೊಸ ಕಾರ್ಖಾನೆಯ ಗೇಟಿನ ಎದುರು ಗಾಡಿ ನಿಧಾನಿಸಿದೆ. ಜಲ್ಲಿ ಇಳಿಸುವ ಲಾರಿ ಅಡ್ಡ ನಿಂತಿತ್ತು. ತಲೆಗೆ ಟವೆಲು ಸುತ್ತಿದವನೊಬ್ಬ ಸಿಮೆಂಟಿನ ಬುಟ್ಟಿ ಕೆಳಗಿಟ್ಟು ನನ್ನ ಗಾಡಿಯ ಹತ್ತಿರ ಬಂದ. ಮೈ ಮುಖವೆಲ್ಲ ಬೂದು ಧೂಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಅವನು ನನ್ನ ಮುಖ ನೋಡುವ ಮೊದಲು ಹಿಂದಿನ ಚಕ್ರ ನೋಡಿದ, ಕಿವಿಗೊಟ್ಟು ಕೇಳಿದ.

"ಸದ್ದು ಹೋಗ್ಯದಲ್ರಿ," ಎಂದ. ಆಮೇಲೆ, "ಬಿಚ್ಚಿದ್ರೇನ್ರಿ ಸಾವಕಾರ್ರ? ಗುರುತು ಸಿಕ್ತೇನ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಜಗಳಕ್ಕೆ ಜಗಳ ಆಗುತ್ತಿತ್ತು. ಅವನು ನಿಜವಾಗಿ ತಿಳಿಯಲೆಂದೇ ಕೇಳುತ್ತಿದ್ದ. ಶಾಕಪ್ಪು ಅವನಿಂದ ನಾಲ್ಕು ಅಡಿ ದೂರದಲ್ಲಿ, ಡಿಕ್ಕಿಯೊಳಗಿತ್ತು.

"ಇನ್ನೂ ಬಿಚ್ಚಿಲ್ಲ," ಎಂದೆ. "ತಾನೇ ನಿಂತದ ಸದ್ದು."

ಶಾಕಪ್ಪಿನ ಸದ್ದು ತಾನಾಗಿ ನಿಲ್ಲುವುದಿಲ್ಲ ಎಂದು ಇಪ್ಪತ್ತು ವರ್ಷ ಅದರ ಕೆಳಗೆ ಮಲಗಿದವನಿಗೆ ಗೊತ್ತಿರಲಿಲ್ಲವೇ? ಅವನು ನನ್ನನ್ನು ನೋಡುತ್ತ ನಿಂತ. ನಾನು ಸ್ಟೇರಿಂಗನ್ನು ನೋಡಿದೆ.

"ಆತ್ರಿ. ಬಿಚ್ಚಿದಾಗ ಕದಮ್ ಸಾಹೇಬ್ರಿಗೆ ಒಂದ್ ಮಾತ್ ಹೇಳ್ರಿ. ಅಷ್ಟ ಸಾಕು."

"ಹೇಳ್ತೀನಿ," ಎಂದೆ. ಲಾರಿ ಸರಿಯಿತು. ಗೇರು ಹಾಕಿದೆ. ಅಲ್ಲಿಯ ಉಬ್ಬಿನ ಮೇಲೆ ಗಾಡಿ ಒಮ್ಮೆ ಕುಳಿತು, ಎದ್ದು, ಸುಮ್ಮನೆ ಮುಂದೆ ಹೋಯಿತು. ಆ ದಿನದ ನಂತರ ಅವನನ್ನು ನಾನು ನೋಡಿಲ್ಲ. ಆ ಗೇಟಿನ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಎರಡು ವರ್ಷದ ಮೇಲೆ ಗಾಡಿಯನ್ನು ಮಾರಿದೆ; ಆ ಶಾಕಪ್ಪನ್ನು ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮುರಿದ ತಕ್ಕಡಿಗಳ ಹಿಂದೆ ತುರುಕಿದೆ.

ಇಷ್ಟು ವರ್ಷ ನುಂಗಿದ್ದನ್ನು ಈಗ ಯಾಕೆ ಕಕ್ಕುತ್ತಿದ್ದೇನೆ ಎಂದರೆ — ಒಳ್ಳೆಯತನದಿಂದಲ್ಲ. ಈ ಸಲದ ಖಂಡೇನವಮಿಗೆ ಅಂಗಡಿಯ ಸಾಮಾನುಗಳ ಪೂಜೆ. ಸುಮಿತ್ರಾ ಹಿಂದಿನ ಕೋಣೆ ಗುಡಿಸಿ, ಸಿಕ್ಕಿದ್ದೆಲ್ಲ ಒರೆಸಿ ಮಣೆಯ ಮೇಲೆ ಇಟ್ಟಿದ್ದಳು: ತಕ್ಕಡಿ, ಕಲ್ಲು, ಸುತ್ತಿಗೆ, ಅಜ್ಜನ ಅಚ್ಚು. ಅವುಗಳ ಪಕ್ಕದಲ್ಲೇ ಆ ಶಾಕಪ್ಪು. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ್ದಳು. ಶಾಕಪ್ಪಿಗೆ ಹಚ್ಚಿದ್ದು ಸರಿಯಾಗಿ ತ್ರಿಕೋನದ ಮೇಲೆ.

"ಇದೇನಂತ ಗೊತ್ತಾಗ್ಲಿಲ್ಲ ನೋಡ್ರಿ," ಎಂದಳು. "ಆದ್ರ ನಮ್ಮದ ಇರಬೇಕು. ನಮ್ಮ ಗುರುತದ."

ಕರ್ಪೂರ ಹಚ್ಚಿದ ತಟ್ಟೆ ಕೈಯಲ್ಲಿತ್ತು. ಅದನ್ನು ಎತ್ತಲಾಗಲಿಲ್ಲ ನನಗೆ. ಮಣೆಯ ಮುಂದೆಯೇ ಕುಳಿತುಬಿಟ್ಟೆ. ಅಲ್ಲೇ ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಅಂವ ಕೇಳಿದ್ದು ಒಂದ ಮಾತಲ್ರೀ," ಎಂದಳು. ಆ ದಿನ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಮೊನ್ನೆ ಸೋಮವಾರ ಚಹಾದ ಹೊತ್ತಿಗೆ ಕದಮರ ಗ್ಯಾರೇಜಿಗೆ ಹೋದೆ. ಬೇಕೆಂದೇ ಚಹಾದ ಹೊತ್ತಿಗೆ. ಕದಮರ ಮೀಸೆ ಬೆಳ್ಳಗಾಗಿದೆ. ಕೆಲಸಗಾರರಲ್ಲಿ ಇಬ್ಬರು ಹಳಬರು. ಶಾಕಪ್ಪನ್ನು ಅವರ ಮೇಜಿನ ಮೇಲೆ ಇಟ್ಟು, ಅಂದಿನಷ್ಟೇ ಎತ್ತರದ ದನಿಯಲ್ಲಿ, ಮರಾಠಿಯಲ್ಲೇ ಹೇಳಿದೆ: ಶರಣಪ್ಪ ಕದ್ದಿರಲಿಲ್ಲ. ಗುರುತು ಅವನು ಹೇಳಿದಲ್ಲೇ ಇತ್ತು. ಇದನ್ನು ಕೆಡಿಸಿದ್ದು ನಾನು. ಆಗಲೇ ಗೊತ್ತಾಗಿತ್ತು, ನಾನು ಹೇಳಲಿಲ್ಲ.

ಕದಮ್ ಕನ್ನಡಕ ಹಾಕಿಕೊಂಡು ಶಾಕಪ್ಪನ್ನು ತಿರುಗಿಸಿ ನೋಡಿದರು. ತ್ರಿಕೋನದ ಮೇಲೆ ಬೆರಳಾಡಿಸಿದರು. ಕುಂಕುಮದ ಪುಡಿ ಇನ್ನೂ ಅಂಟಿತ್ತು. ಒಬ್ಬ ಹಳಬ ಲೋಟ ಕೆಳಗಿಟ್ಟು ಎದ್ದು ಒಳಗೆ ಹೋದ. ಕದಮ್ ನನ್ನ ಕಡೆ ನೋಡದೆ, ಮರಾಠಿಯಲ್ಲಿ ಮೆಲ್ಲಗೆ ಹೇಳಿದ ಮಾತನ್ನು ಹಾಗೇ ಕನ್ನಡಕ್ಕೆ ತಂದು ಬರೆಯುತ್ತೇನೆ.

"ಹೋಗುವಾಗ ಅವನು ನನಗೆ ಹೇಳಿದ್ದ, ಶೇಟ್. ಸಾವಕಾರರು ನಮ್ಮ ಕಡೆಯವರು, ಬಿಚ್ಚಿದ ದಿನ ತಾವೇ ಬಂದು ಹೇಳ್ತಾರೆ, ಅಲ್ಲಿಯವರೆಗೆ ನನ್ನ ಜಾಗಕ್ಕೆ ಯಾರನ್ನೂ ತಗೋಬೇಡಿ ಅಂತ. ಹೋಳಿಯವರೆಗೆ ಆ ಜಾಗ ಖಾಲಿ ಇಟ್ಟಿದ್ದೆ. ವಾರಕ್ಕೊಮ್ಮೆ ಬಂದು ಕೇಳಿ ಹೋಗ್ತಿದ್ದ, ನೀವು ಬಂದ್ರಾ ಅಂತ."

ದೀಪಾವಳಿಯಿಂದ ಹೋಳಿ. ಅಷ್ಟು ವಾರಗಳು ಅವನು ರಾಂಜಣಗಾಂವದಿಂದ ಸ್ವಾರಗೇಟಕ್ಕೆ ಬಸ್ಸು ಹಿಡಿದು ಬಂದು, ಕೇಳಿ, ಮರಳಿ ಹೋಗಿದ್ದಾನೆ. ನಾನು ಆಗ ಕ್ಯಾಂಪಿನ ಅಂಗಡಿಯಲ್ಲಿ ಕುಳಿತಿದ್ದೆ — ನಡೆದು ಬಂದರೂ ಮುಕ್ಕಾಲು ತಾಸಿನ ದಾರಿ.

ಹೋ‌ಳಿಯ ನಂತರ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಾದಗಿರಿಯ ಕಡೆ ತನ್ನ ಊರಿಗೆ ಹೋದನಂತೆ. ಕದಮ್ ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಚಹಾ ಕೊಡಲಿಲ್ಲ, ಕೊಡದಿದ್ದುದೇ ಸರಿ.

ನಾಳೆ ಬೆಳಿಗ್ಗೆ ಸ್ವಾರಗೇಟದಿಂದ ಬಸ್ಸು. ಕೈಚೀಲದಲ್ಲಿ ಹಳೆಯ ಪತ್ರಿಕೆ ಸುತ್ತಿದ ಶಾಕಪ್ಪು ಇದೆ. ಕುಂಕುಮವನ್ನು ನಾನು ಒರೆಸಿಲ್ಲ. ಅಜ್ಜನ ಅಚ್ಚನ್ನು ಮಣೆಯ ಮೇಲೆಯೇ ಬಿಟ್ಟಿದ್ದೇನೆ, ಇನ್ನು ಅದನ್ನು ನಾನು ಹಿಡಿಯುವುದಿಲ್ಲ. ಅವನು ಬಾಗಿಲಲ್ಲೇ ನಿಲ್ಲಿಸಬಹುದು, ನನ್ನ ಗುರುತೇ ಇಲ್ಲವೆನ್ನಬಹುದು, ಕ್ಷಮಿಸುವ ಮಾತಂತೂ ನಾನು ಎತ್ತುವುದಿಲ್ಲ. ಜಲ್ಲಿಯ ಲಾರಿಯ ಪಕ್ಕದಲ್ಲಿ ಅವನು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಶಾಕಪ್ಪನ್ನು ಅವನ ಕೈಗೇ ಕೊಟ್ಟು ಹೇಳಬೇಕು: ಸಿಕ್ತು, ಶರಣಪ್ಪ. ನೀ ಕೇಳಿದಾಗ ಡಿಕ್ಕಿಯೊಳಗ ಇತ್ತು.